ಗಿಟಾರ್ ಹೀರೋ 2 ಆಡದೇ ಬೈಯಬೇಡ ಮಾರಾಯ

ಗೆಳೆಯಾ,

ಗಿಟಾರ್ ಹೀರೋ 2 ವಿಡಿಯೋ ಗೇಮನ್ನು ಮೊದಲನೇ ಗಿಟಾರ್ ಹೀರೋಗೆ ಹೋಲಿಸಿ "ಅದೇ ಆಟ, ಹಾಡು ಮಾತ್ರ ಬೇರೆ" ಅಂತ ಒಂದೇ ಸಾಲಿನಲ್ಲಿ ಬರೆದು ಕೈ ತೊಳೆದುಕೊಂಡಿದ್ದೀಯಲ್ಲ, ಅದಕ್ಕೇ ಈ ಪತ್ರ. ನೋಡೋಕೆ ಹಾಗೇ ಇದೆ, ಒಪ್ತೀನಿ. ಗಿಟಾರ್ ಆಕಾರದ ಕಂಟ್ರೋಲರಿನ ಕತ್ತಿನ ಮೇಲೆ ಅದೇ ಐದು ಬಣ್ಣದ ಗುಂಡಿ, ಬಲಗೈಗೆ ತಂತಿಯ ಬದಲು ಮೀಟೋಕೆ ಅದೇ ಸ್ಟ್ರಮ್ ಬಾರ್, ಪರದೆ ಮೇಲೆ ನಮ್ಮ ಕಡೆ ಓಡಿಬರುವ ಅದೇ ನೋಟುಗಳು. ಆದರೆ 2006ರಲ್ಲಿ ಇದನ್ನು ಮಾಡುವಾಗ ಹಾರ್ಮೋನಿಕ್ಸ್‌ನವರು, ನಾವೆಲ್ಲ ಎಲ್ಲೆಲ್ಲಿ ಬೈದುಕೊಳ್ಳುತ್ತಿದ್ದೆವೋ ಅಲ್ಲಲ್ಲೇ ಕೈ ಹಾಕಿದ್ದಾರೆ.

ಹ್ಯಾಮರ್-ಆನ್ ನೆನಪಿದೆಯಾ? ಒಂದು ನೋಟಿಗೆ ಸ್ಟ್ರಮ್ ಮಾಡಿ, ಮುಂದಿನದನ್ನು ಬರೀ ಗುಂಡಿ ಒತ್ತಿ ಹಿಡಿಯೋದು. ಮೊದಲನೇ ಆಟದಲ್ಲಿ ಅದರ ಟೈಮಿಂಗ್ ಎಷ್ಟು ಬಿಗಿ ಇತ್ತು ಅಂದ್ರೆ, ಸುಮ್ನೆ ಎಲ್ಲಾ ನೋಟಿಗೂ ಸ್ಟ್ರಮ್ ಮಾಡೋದೇ ವಾಸಿ ಅನ್ನಿಸುತ್ತಿತ್ತು. ಇಲ್ಲಿ ಅದು ಸಡಿಲವಾಗಿದೆ, ಸ್ಟ್ರಮ್ ಮಾಡದೇ ಬೆರಳು ಎತ್ತಿ ಮುಂದಿನ ನೋಟು ಹಿಡಿಯುವ ಪುಲ್-ಆಫ್ ಕೂಡ. ವೇಗದ ಸೋಲೋದಲ್ಲಿ, ಅಂದ್ರೆ ಗಿಟಾರೇ ಮಿಂಚುವ ಭಾಗದಲ್ಲಿ, ಬಲಗೈಗೆ ಅರ್ಧ ರಜಾ, ಎಡಗೈ ಬೆರಳುಗಳು ತಾವೇ ಓಡುತ್ತವೆ. ನಿಜವಾಗಿ ನುಡಿಸ್ತಿದ್ದೀನಿ ಅನ್ನೋ ಭ್ರಮೆ ಬರೋದು ಆಗಲೇ. ಭ್ರಮೆಯೇ ಸರಿ, ಆದರೆ ಅದಕ್ಕೇ ಅಲ್ವಾ ಆಡೋದು?

ಆಮೇಲೆ ಪ್ರಾಕ್ಟೀಸ್ ಮೋಡ್. ಮೊದಲೆಲ್ಲ ಸೋಲೋದಲ್ಲಿ ಸೋತರೆ, ಚೆನ್ನಾಗಿ ಗೊತ್ತಿರುವ ಭಾಗವನ್ನೂ ಮತ್ತೆ ಮೊದಲಿಂದ ನುಡಿಸಿಕೊಂಡು ಅಲ್ಲಿಗೆ ಬರಬೇಕಿತ್ತು. ಈಗ ಬಾರದ ತುಂಡನ್ನಷ್ಟೇ ಆರಿಸಿ, ವೇಗ ತಗ್ಗಿಸಿ, ಬೆರಳಿಗೆ ಹತ್ತುವವರೆಗೂ ಉಜ್ಜಬಹುದು. ಹಾರ್ಡ್ ಹಂತದಿಂದ ಅದಕ್ಕಿಂತ ಕಷ್ಟದ ಎಕ್ಸ್‌ಪರ್ಟ್‌ಗೆ ಏರಬೇಕು ಅಂತಿದ್ರೆ ಇದೇ ದಾರಿ.

ಕೊರತೆ ಇಲ್ಲ ಅಂತಲ್ಲ. ಜಾಸ್ತಿ ಹಾಡುಗಳು ಮೂಲ ಬ್ಯಾಂಡಿನವರದ್ದಲ್ಲ, ಬೇರೆಯವರು ಹಾಡಿದ್ದು. ಕೆಲವು ದನಿ ಕೇಳಿದರೆ ನಗು ಬರುತ್ತೆ. ಮೂರು ಗುಂಡಿ ಒಟ್ಟಿಗೆ ಒತ್ತುವ ಕಾರ್ಡ್ ಬೇರೆ ಸೇರಿಸಿದ್ದಾರೆ, ಕಿರುಬೆರಳಿಗೆ ಪಾಪ ಕೆಲಸ ಜಾಸ್ತಿ.

ನಿನಗೆ ಹಿಡಿಸೋದು ಇಬ್ಬರು ಜೊತೆಯಾಗಿ ಆಡುವ ಕೋ-ಆಪ್, ಅದಂತೂ ಖಾತ್ರಿ. ಮೊದಲನೆಯದರಲ್ಲಿ ಇಬ್ಬರು ಎದುರಾಳಿಗಳಾಗಿ ಮಾತ್ರ ಆಡಬಹುದಿತ್ತು. ಇಲ್ಲಿ ಒಬ್ಬರಿಗೆ ಲೀಡ್ (ಮುಖ್ಯ ಗಿಟಾರ್), ಇನ್ನೊಬ್ಬರಿಗೆ ಬೇಸ್ ಅಥವಾ ರಿದಮ್. ಅಂಕವೂ ಒಂದೇ, ಎಷ್ಟು ಚೆನ್ನಾಗಿ ನುಡಿಸ್ತಿದ್ದೀವಿ ಅಂತ ತೋರಿಸುವ ರಾಕ್ ಮೀಟರೂ ಒಂದೇ. ಅಂಕ ದುಪ್ಪಟ್ಟು ಮಾಡುವ ಸ್ಟಾರ್ ಪವರ್ ಬೇಕಾದ್ರೆ ಇಬ್ಬರೂ ಒಟ್ಟಿಗೇ ಗಿಟಾರ್ ಎತ್ತಬೇಕು, ಒಬ್ಬ ಮೈಮರೆತರೆ ಮುಗೀತು, ಬೈಗುಳ ಶುರು.

ಎಲ್‌ಸಿಡಿ ಟಿವಿಯಲ್ಲಿ ಆಡೋದಾದ್ರೆ ಮೊದಲು ಸೆಟ್ಟಿಂಗ್‌ಗೆ ಹೋಗಿ ಲ್ಯಾಗ್ ಸರಿಮಾಡಿಕೋ. ಚಿತ್ರ ತಡವಾಗಿ ಬಂದರೆ ಎಂಥ ಕೈಯೂ ತಪ್ಪುತ್ತೆ.

ಬರುವಾಗ ನಿನ್ನ ಗಿಟಾರ್ ತಗೊಂಡು ಬಾ, ನನ್ನ ಹತ್ತಿರ ಇರೋದು ಒಂದೇ. ಲೀಡ್ ನನಗೆ, ಅದರ ಬಗ್ಗೆ ಚರ್ಚೆ ಇಲ್ಲ.