ಬೆಂಗಳೂರಿನಿಂದ ಧಾರವಾಡಕ್ಕೆ ಸಾಗಿಸಿದ ಮನೆ ಸಾಮಾನಿನ ಹಾನಿ, ನಷ್ಟ ಮತ್ತು ಅಕ್ರಮ ವಸೂಲಿಯ ಬಗ್ಗೆ ದೂರು

ಇವರಿಂದ:
ನಿವೃತ್ತ ಕಾಲೇಜು ಅಧ್ಯಾಪಕಿ,
ಮಾಳಮಡ್ಡಿ, ಧಾರವಾಡ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ದೂರು ವಿಭಾಗ,
ಪ್ಯಾಕರ್ಸ್ ಅಂಡ್ ಮೂವರ್ಸ್ ಸಂಸ್ಥೆ, ಬೆಂಗಳೂರು

ದಿನಾಂಕ: 23 ಜೂನ್ 2025

ಉಲ್ಲೇಖ: ತಮ್ಮ ಸಂಸ್ಥೆಯ 26 ಮೇ 2025ರ ದರಪಟ್ಟಿ

ಮಾನ್ಯರೇ,

ಬೆಂಗಳೂರಿನ ಮಲ್ಲೇಶ್ವರದಲ್ಲಿದ್ದ ನಮ್ಮ ಮನೆಯ ಸಾಮಾನುಗಳನ್ನು ಧಾರವಾಡದ ಮಾಳಮಡ್ಡಿಗೆ ಸಾಗಿಸಿಕೊಡುವುದಾಗಿ ಒಪ್ಪಿಕೊಂಡು ತಮ್ಮ ಸಂಸ್ಥೆ ಜೂನ್ 2ರಂದು ನನ್ನಿಂದ ಪೂರ್ತಿ ಹಣ ಪಡೆದಿದೆ. ಮರುದಿನ ತಲುಪಬೇಕಿದ್ದ ಸಾಮಾನು ಜೂನ್ 7ರಂದು ಬೇರೊಂದು ಲಾರಿಯಲ್ಲಿ ಬಂತು. ಅದರಲ್ಲಿ ಒಂದು ಪೆಟ್ಟಿಗೆ ಇರಲಿಲ್ಲ, ಹಲವು ವಸ್ತುಗಳು ಒಡೆದಿದ್ದವು, ಮತ್ತು ಇಳಿಸುವುದಕ್ಕೆ ಮೊದಲೇ ಒಪ್ಪಂದದಲ್ಲಿಲ್ಲದ 17,500 ರೂಪಾಯಿಯನ್ನು ಬೀದಿಯಲ್ಲಿ ನಿಂತು ವಸೂಲು ಮಾಡಲಾಯಿತು. ತಮ್ಮ ಕಚೇರಿಗೆ ಫೋನಿನಲ್ಲಿ ತಿಳಿಸಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿರುವುದರಿಂದ ಈ ದೂರನ್ನು ಬರಹದಲ್ಲಿಟ್ಟು, ನೋಂದಾಯಿತ ಅಂಚೆ ಹಾಗೂ ಇಮೇಲ್ ಎರಡರಲ್ಲೂ ಕಳುಹಿಸುತ್ತಿದ್ದೇನೆ. 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ 16ನೇ ಕಲಮು ಕೇಳುವ, ಬುಕಿಂಗ್ ಆದ 180 ದಿನಗಳ ಒಳಗಿನ ಲಿಖಿತ ನೋಟಿಸು ಎಂದೂ ಇದನ್ನು ಪರಿಗಣಿಸಬೇಕು.

ತಮ್ಮ ಸಂಸ್ಥೆಯನ್ನು ನಾನು ಹೇಗೆ ಆರಿಸಿಕೊಂಡೆ ಎಂಬುದನ್ನು ಮೊದಲು ಹೇಳಬೇಕಾಗಿದೆ, ಏಕೆಂದರೆ "ಕಡಿಮೆ ರೇಟು ನೋಡಿ ಬಂದರೆ ಹೀಗೇ ಆಗುತ್ತದೆ" ಎಂದು ತಮ್ಮ ಸಿಬ್ಬಂದಿಯೊಬ್ಬರು ನನಗೆ ಹೇಳಿದ್ದಾರೆ. ಮನೆ ನೋಡದೆ ಫೋನಿನಲ್ಲೇ ದರ ಹೇಳಿದವರನ್ನೂ, ಬೇರೆಲ್ಲರಿಗಿಂತ ಅರ್ಧ ಬೆಲೆಗೆ ಒಪ್ಪಿಕೊಂಡವರನ್ನೂ ನಾನು ಕೈಬಿಟ್ಟಿದ್ದೆ. ತಮ್ಮ ಸಂಸ್ಥೆ ಕೇಳಿದ ದರ ನನಗೆ ಬಂದ ದರಗಳಲ್ಲಿ ಕಡಿಮೆಯದಾಗಿರಲಿಲ್ಲ. ತಮ್ಮ ಪ್ರತಿನಿಧಿ ಮನೆಗೆ ಬಂದು ಪ್ರತಿ ಕೋಣೆಯ ಸಾಮಾನನ್ನೂ ನೋಡಿ ಪಟ್ಟಿ ಮಾಡಿಕೊಂಡರು. ದರಪಟ್ಟಿಯಲ್ಲಿದ್ದ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರದ ಜಾಲತಾಣದಲ್ಲಿ ಹುಡುಕಿದಾಗ ತಮ್ಮ ಸಂಸ್ಥೆಯ ಹೆಸರೇ ಕಂಡಿತು. ತಮ್ಮ ಕಚೇರಿಗೂ ಹೋಗಿ ಮಾತಾಡಿದ್ದೆ. ಮುಚ್ಚಿದ ಕಂಟೇನರ್ ಲಾರಿ, ಅದರಲ್ಲಿ ನಮ್ಮ ಸಾಮಾನು ಮಾತ್ರ, ದಾರಿಯಲ್ಲಿ ಎಲ್ಲಿಯೂ ಇಳಿಸಿ ಏರಿಸುವುದಿಲ್ಲ, ಧಾರವಾಡದಲ್ಲಿ ಮೊದಲ ಮಹಡಿಗೆ ಹೊತ್ತು ತಂದಿಡುವುದೂ ಸೇರಿ 36,000 ರೂಪಾಯಿ ಎಂದು ದರಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಇದರ ಮೇಲೆ ಜಿಎಸ್‌ಟಿ ಎಂದು 6,480 ರೂಪಾಯಿ, ಸಾಮಾನಿನ ಮೌಲ್ಯ ನಾಲ್ಕು ಲಕ್ಷ ಎಂದು ಘೋಷಿಸಿ ಅದರ ಶೇಕಡಾ 3ರಂತೆ ವಿಮೆಗೆ 12,000 ರೂಪಾಯಿ, ಒಟ್ಟು 54,480 ರೂಪಾಯಿ ಕೊಟ್ಟಿದ್ದೇನೆ. ಮನೆ ಬದಲಿಸುವ ಒಬ್ಬ ಗ್ರಾಹಕಿ ಇದಕ್ಕಿಂತ ಹೆಚ್ಚು ಎಚ್ಚರ ವಹಿಸುವುದು ಹೇಗೆಂದು ತಾವೇ ಹೇಳಬೇಕು.

ಆದರೆ ಸಾಮಾನು ತುಂಬುವ ದಿನ ಕಾಗದಗಳು ಬದಲಾದವು. ಮುಂಗಡ 20,000 ರೂಪಾಯಿ ತಮ್ಮ ಸಂಸ್ಥೆಯ ಖಾತೆಗೆ ಹೋಗಿತ್ತು. ಉಳಿದ 34,480 ರೂಪಾಯಿಯನ್ನು ಬೇರೊಂದು ಹೆಸರಿನ ಖಾತೆಗೆ ಹಾಕಬೇಕೆಂದು ತಮ್ಮ ಮೇಲ್ವಿಚಾರಕರು ಹೇಳಿದರು, ಅದು ತಮ್ಮದೇ ಶಾಖೆ ಎಂಬುದನ್ನು ತಮ್ಮ ಕಚೇರಿಯೂ ಫೋನಿನಲ್ಲಿ ಖಚಿತಪಡಿಸಿತು. ಲಾರಿ ಹೊರಟ ಮೇಲೆ ನನ್ನ ಕೈಗೆ ಸಿಕ್ಕ ಚೀಟಿಯಲ್ಲಿ ಮೂರನೆಯದೊಂದು ಟ್ರಾನ್ಸ್‌ಪೋರ್ಟ್‌ನ ಹೆಸರಿತ್ತು, ಅದರಲ್ಲಿ "ಮನೆ ಸಾಮಾನು" ಎಂಬುದರ ಹೊರತು ಪೆಟ್ಟಿಗೆಗಳ ಸಂಖ್ಯೆಯೂ ಇರಲಿಲ್ಲ, ಘೋಷಿಸಿದ ಮೌಲ್ಯವೂ ಇರಲಿಲ್ಲ. ಸರಕಿನ ವಿವರವುಳ್ಳ ರಸೀತಿ ಕೊಡುವುದು ಮೇಲೆ ಹೇಳಿದ ಕಾಯ್ದೆಯ 9ನೇ ಕಲಮಿನಂತೆ ಸಾಗಣೆದಾರರ ಕರ್ತವ್ಯ. ಆ ರಸೀತಿ, ಅಂದರೆ ಬಿಲ್ಟಿ, ಕಚೇರಿಯಿಂದ ಬರುತ್ತದೆ ಎಂದು ಮೇಲ್ವಿಚಾರಕರು ಹೇಳಿದ್ದರು, ಇಂದಿನವರೆಗೂ ಬಂದಿಲ್ಲ. ಪೆಟ್ಟಿಗೆಗಳಿಗೆ ಸಂಖ್ಯೆ ಹಾಕಿ, ತಮ್ಮ ಮೇಲ್ವಿಚಾರಕರ ಸಹಿ ಪಡೆದ ಪಟ್ಟಿಯೊಂದನ್ನು ನಾನೇ ಸಿದ್ಧಪಡಿಸಿಕೊಂಡಿದ್ದರಿಂದ ಈ ದೂರಿಗೆ ಆಧಾರ ಉಳಿದಿದೆ. ಅದರ ಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಜೂನ್ 3ರಂದು ಲಾರಿ ಬರಲಿಲ್ಲ. ಕೇಳಿದಾಗ ಮೊದಲು ಚಿತ್ರದುರ್ಗದ ಹತ್ತಿರ ಕೆಟ್ಟು ನಿಂತಿದೆ ಎಂದರು, ಆಮೇಲೆ ಚಾಲಕರ ಊರಿನಲ್ಲಿ ತೊಂದರೆ ಎಂದರು. ಕೊನೆಗೆ ಗೊತ್ತಾದದ್ದು ಏನೆಂದರೆ, ನಮ್ಮ ಸಾಮಾನನ್ನು ನೆಲಮಂಗಲದ ಬಳಿಯ ಗೋದಾಮಿನಲ್ಲಿ ಇಳಿಸಿ, ಉತ್ತರ ಕರ್ನಾಟಕದ ಕಡೆಗೆ ಹೋಗುವ ಇತರರ ಸಾಮಾನು ಕೂಡುವವರೆಗೆ ಅಲ್ಲಿಯೇ ಇಡಲಾಗಿತ್ತು. ಇದನ್ನು ನಾನು ಊಹಿಸಿ ಬರೆಯುತ್ತಿಲ್ಲ. ಜೂನ್ 7ರಂದು ಬಂದ ಲಾರಿಯ ಚಾಲಕರೇ ಇದನ್ನು ತಿಳಿಸಿದರು, ಮತ್ತು ಆ ಲಾರಿಯಲ್ಲಿ ಹುಬ್ಬಳ್ಳಿಯ ಇನ್ನೊಂದು ಮನೆಯ ಸೋಫಾ, ಮಂಚಗಳು ನಮ್ಮ ಪೆಟ್ಟಿಗೆಗಳ ಮೇಲೆಯೇ ಇದ್ದವು. ಬಂದದ್ದು ಕಂಟೇನರ್ ಅಲ್ಲ, ತಾಡಪತ್ರಿ ಕಟ್ಟಿದ ತೆರೆದ ಲಾರಿ. ಜೂನ್ ತಿಂಗಳಲ್ಲಿ ಧಾರವಾಡದ ಮಳೆ ಹೇಗಿರುತ್ತದೆಂಬುದು ಈ ದಾರಿಯಲ್ಲಿ ವ್ಯವಹಾರ ಮಾಡುವ ಸಂಸ್ಥೆಗೆ ತಿಳಿದಿರಬೇಕು. ಪುಸ್ತಕಗಳ ನಾಲ್ಕು ಪೆಟ್ಟಿಗೆಗಳು ತಳದಿಂದ ನೆನೆದಿದ್ದವು.

ಈ ಪತ್ರದಲ್ಲಿ ನಾನು ಅತಿ ಗಂಭೀರವೆಂದು ಭಾವಿಸುವುದು ಅನಂತರ ನಡೆದದ್ದನ್ನು. ಲಾರಿ ಮನೆಯ ಮುಂದೆ ನಿಂತ ಮೇಲೆ, 17,500 ರೂಪಾಯಿ ಬರುವವರೆಗೆ ಹಗ್ಗ ಬಿಚ್ಚುವುದಿಲ್ಲ, ತಡವಾದರೆ ಸಾಮಾನು ಬೆಂಗಳೂರಿಗೆ ವಾಪಸು ಹೋಗುತ್ತದೆ ಎಂದು ಚಾಲಕರು ಹೇಳಿದರು. ಹಾಗೆ ಹೇಳಲು ತಮ್ಮ ಕಚೇರಿಯಿಂದಲೇ ಆದೇಶ ಬಂದಿದೆ ಎಂದೂ ತಿಳಿಸಿದರು. ಊರೊಳಗೆ ಬರುವ ಜಕಾತಿ 4,000, ಸರಕು ಸಾಗಣೆಯ ಪರವಾನಗಿ ಪತ್ರವಾದ ಇ-ವೇ ಬಿಲ್ ಇಲ್ಲದ್ದಕ್ಕೆ ದಂಡ 2,500, ಲಾರಿ ದಾರಿಯಲ್ಲಿ ನಿಂತ ಬಾಬ್ತು 5,000, ಮಹಡಿಗೆ ಏರಿಸುವ ಹಮಾಲಿ 6,000 ಎಂದು ಲೆಕ್ಕ ಹೇಳಲಾಯಿತು. ಕರ್ನಾಟಕದಲ್ಲಿ ಜಕಾತಿ 1979ರಲ್ಲೇ ರದ್ದಾಗಿದೆ, ಪ್ರವೇಶ ತೆರಿಗೆಯೂ 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯಿತು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಾಗಿಲ್ಲ, ಜಿಎಸ್‌ಟಿ ನಿಯಮ 138ರ ಅನುಬಂಧದಲ್ಲೇ ಅದಕ್ಕೆ ವಿನಾಯಿತಿ ಇದೆ. ಹೀಗಾಗಿ ಮೊದಲ ಎರಡು ಬಾಬ್ತುಗಳು ಇಲ್ಲದ ತೆರಿಗೆ ಮತ್ತು ಇಲ್ಲದ ದಂಡ. ಲಾರಿ ನಿಂತದ್ದು ತಮ್ಮ ಅನುಕೂಲಕ್ಕಾಗಿ. ಮಹಡಿಗೆ ಏರಿಸುವ ಹಣ ದರಪಟ್ಟಿಯಲ್ಲಿ ಮೊದಲೇ ಸೇರಿತ್ತು. ನನ್ನ ತಾಯಿಯವರಿಗೆ ಎಂಬತ್ತೆರಡು ವರ್ಷ. ಅವರ ಔಷಧಿಗಳೂ ಹಾಸಿಗೆಯೂ ಆ ಲಾರಿಯಲ್ಲಿದ್ದವು, ಮಳೆ ಬರುತ್ತಿತ್ತು, ಅವರು ಪಕ್ಕದ ಮನೆಯ ಕುರ್ಚಿಯಲ್ಲಿ ಕುಳಿತಿದ್ದರು. ಆಕ್ಷೇಪವಿದೆ ಎಂದು ವಾಟ್ಸ್ಆ್ಯಪ್‌ನಲ್ಲಿ ತಮ್ಮ ಕಚೇರಿಗೆ ಬರೆದು, ಚಾಲಕರು ಕೊಟ್ಟ ಸಂಖ್ಯೆಗೆ ಯುಪಿಐ ಮೂಲಕ ಹಣ ಹಾಕಿದೆ. ಗ್ರಾಹಕರ ಇಡೀ ಸಂಸಾರ ಲಾರಿಯೊಳಗಿರುವಾಗ ಅವರು ಬೇಡ ಎನ್ನಲಾರರು ಎಂದು ತಿಳಿದೇ ಮಾಡುವ ಈ ಕೆಲಸಕ್ಕೆ ಸುಲಿಗೆ ಎನ್ನದೆ ಬೇರೆ ಹೆಸರಿಲ್ಲ. ತಮ್ಮ ಸಂಸ್ಥೆಯ ಗಮನಕ್ಕೆ ಬಾರದೆ ಇದು ನಡೆದಿದ್ದರೆ ಆ ಚಾಲಕರ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ತಿಳಿಸಬೇಕು. ಗಮನದಲ್ಲೇ ನಡೆದಿದ್ದರೆ ಅದನ್ನೂ ಬರಹದಲ್ಲಿ ತಿಳಿಸಬೇಕು.

ಹಾನಿಯ ವಿಷಯಕ್ಕೆ ಬರುತ್ತೇನೆ. ನನ್ನ ತಾಯಿ ಧಾರವಾಡದಲ್ಲಿ ಸಂಗೀತ ಕಲಿಯುತ್ತಿದ್ದ ಕಾಲದಲ್ಲಿ ಮೀರಜ್‌ನಿಂದ ತರಿಸಿದ ತಂಬೂರಿ ನಮ್ಮ ಮನೆಯಲ್ಲಿದೆ. ತಂಬೂರಿಯ ಬುರುಡೆ ಒಣಗಿದ ಸೋರೆಯದು, ಒಂದು ಪೆಟ್ಟು ಬಿದ್ದರೆ ಬಿರಿಯುವಂಥದ್ದು. ಆದ್ದರಿಂದಲೇ ಸರ್ವೆಗೆ ಬಂದ ಪ್ರತಿನಿಧಿಗೆ ಅದನ್ನು ಪ್ರತ್ಯೇಕವಾಗಿ ತೋರಿಸಿದ್ದೆ. ಅದಕ್ಕೆ ಅಳತೆಯ ಮರದ ಪೆಟ್ಟಿಗೆ ಮಾಡಿಸಬೇಕೆಂದು ಅವರೇ ಸಲಹೆ ಕೊಟ್ಟು, 36,000 ರೂಪಾಯಿಯಲ್ಲಿ 2,500 ರೂಪಾಯಿ ಆ ಪೆಟ್ಟಿಗೆಗೆಂದು ದರಪಟ್ಟಿಯಲ್ಲಿ ಬರೆದರು. ತಂತಿಗಳನ್ನು ಸಡಿಲಿಸಿ, ತಂತಿಗಳಿಗೆ ಆಸರೆಯಾದ ಕುದುರೆಯನ್ನು ಬಟ್ಟೆಯಿಂದ ಭದ್ರಪಡಿಸಿ, ಎರಡು ಕೌದಿಗಳಲ್ಲಿ ಸುತ್ತಿ ನಾವು ಸಿದ್ಧವಾಗಿಟ್ಟಿದ್ದೆವು. ಮರದ ಪೆಟ್ಟಿಗೆ ಗೋದಾಮಿನಲ್ಲಿದೆ, ಅಲ್ಲಿಯೇ ಹಾಕುತ್ತೇವೆ ಎಂದು ತಮ್ಮವರು ಅದನ್ನು ತೆಗೆದುಕೊಂಡು ಹೋದರು. ನೆಲಮಂಗಲದ ಗೋದಾಮಿನ ವಿಷಯವನ್ನು ಚಾಲಕರು ತಿಳಿಸಿದ ಮೇಲೆ ಆ ಮಾತಿನ ಅರ್ಥ ನನಗೆ ಸ್ಪಷ್ಟವಾಯಿತು: ದಾರಿಯಲ್ಲಿ ಇಳಿಸಬೇಕೆಂಬುದು ಮೊದಲೇ ನಿಶ್ಚಯವಾಗಿತ್ತು. ತಂಬೂರಿ ಧಾರವಾಡಕ್ಕೆ ಬಂದದ್ದು ಕೌದಿಯಲ್ಲೇ, ಉಕ್ಕಿನ ಬೀರುವಿನ ಅಡಿಯಲ್ಲಿ. ಬುರುಡೆ ಮೂರು ಕಡೆ ಸೀಳಿ ಒಂದು ಭಾಗ ಒಳಕ್ಕೆ ಕುಸಿದಿದೆ, ಅದರ ಉದ್ದನೆಯ ಮರದ ಕೋಲಾದ ದಂಡಿಯ ಜೋಡಣೆ ಬಿಟ್ಟಿದೆ. ಮೀರಜ್‌ನ ತಂಬೂರಿ ಕುಶಲಕರ್ಮಿಯೊಬ್ಬರು ಚಿತ್ರಗಳನ್ನು ನೋಡಿ, ಬುರುಡೆಯನ್ನೇ ಬದಲಿಸಬೇಕು, 22,000 ರೂಪಾಯಿ ಆಗುತ್ತದೆ ಎಂದು ಅಂದಾಜು ಕೊಟ್ಟಿದ್ದಾರೆ. ಬುರುಡೆ ಬದಲಾದರೆ ನಾದವೂ ಬದಲಾಗುತ್ತದೆ. ನನ್ನ ತಾಯಿ ದಿನವೂ ಮುಂಜಾನೆ ಕೇಳುತ್ತಿದ್ದ ಆ ನಾದಕ್ಕೆ ನಾನು ಇಲ್ಲಿ ಬೆಲೆ ಕಟ್ಟಿಲ್ಲ, ಕಟ್ಟಲೂ ಆಗುವುದಿಲ್ಲ.

ಬಾರದೆ ಉಳಿದ ಪೆಟ್ಟಿಗೆ ಪಟ್ಟಿಯ 31ನೇ ಸಂಖ್ಯೆಯದು. ಅದರಲ್ಲಿ ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ತಪ್ಪೇಲಿ ಮತ್ತು ದೀಪಗಳಿದ್ದವು, ಇಂದಿನ ಬೆಲೆಯಲ್ಲಿ ಸುಮಾರು 28,000 ರೂಪಾಯಿ. ಫ್ರಿಜ್ಜನ್ನು ಮಲಗಿಸಿ ತಂದದ್ದರಿಂದ ಕಂಪ್ರೆಸರ್ ಕೆಟ್ಟಿದೆ. ವಾಷಿಂಗ್ ಮೆಷಿನ್ನಿನ ಡ್ರಮ್ ಅಲುಗಾಡದಂತೆ ಬಿಗಿಯುವ ಟ್ರಾನ್ಸಿಟ್ ಬೋಲ್ಟುಗಳನ್ನು ನಾನು ಮೇಲ್ವಿಚಾರಕರ ಕೈಗೆ ಕೊಟ್ಟಿದ್ದೆ, ಅವನ್ನು ಹಾಕದೆ ಅದೇ ಚೀಲದಲ್ಲಿ ವಾಪಸು ತಂದರು, ಹೀಗಾಗಿ ಆ ಯಂತ್ರವೂ ಕೆಟ್ಟಿದೆ. ಎರಡರ ದುರಸ್ತಿಗೆ ಬಿಲ್ಲಿನ ಪ್ರಕಾರ 9,400 ರೂಪಾಯಿ ಆಗಿದೆ.

ಇವನ್ನೆಲ್ಲ ತಿಳಿಸಿದಾಗ ತಮ್ಮ ಕಚೇರಿಯ ಒಬ್ಬರು, ಸಾಮಾನು "ಓನರ್ಸ್ ರಿಸ್ಕ್"ನಲ್ಲಿ, ಅಂದರೆ ಮಾಲೀಕರದೇ ಹೊಣೆಯಲ್ಲಿ, ಸಾಗಿದೆ, ದರಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿದೆ ಎಂದರು. ಇನ್ನೊಬ್ಬರು ವಿಮೆಯಿಂದ ಕೇಳಿಕೊಳ್ಳಿ ಎಂದರು. ಯಾವ ವಿಮಾ ಕಂಪನಿ, ಪಾಲಿಸಿ ಸಂಖ್ಯೆ ಎಷ್ಟು ಎಂದು ಕೇಳಿದರೆ ಉತ್ತರವಿಲ್ಲ. ವಿಮೆ ಮಾಡುವ ಅಧಿಕಾರ ಇರುವುದು ವಿಮಾ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಿದ ವಿಮಾದಾರರಿಗೆ ಮಾತ್ರ. ಸಾಗಣೆ ಸಂಸ್ಥೆ ತಾನೇ ಶೇಕಡಾ 3 ತೆಗೆದುಕೊಂಡು ತನ್ನಲ್ಲೇ ಇಟ್ಟುಕೊಂಡರೆ ಅದು ವಿಮೆಯಾಗುವುದಿಲ್ಲ. ಹಾನಿಯ ಹೊಣೆ ಮಾಲೀಕರದೇ ಆಗಿದ್ದರೆ 12,000 ರೂಪಾಯಿ ಯಾವುದಕ್ಕಾಗಿ ಪಡೆದಿರಿ ಎಂಬುದಕ್ಕೂ ಉತ್ತರ ಬೇಕು. ಸಾಗಣೆದಾರರ ವಶದಲ್ಲಿದ್ದಾಗ ಸರಕು ಕಳೆದುಹೋದರೆ ಅಥವಾ ಹಾಳಾದರೆ, ಅದು ಅವರ ನಿರ್ಲಕ್ಷ್ಯದಿಂದಲೇ ಆಯಿತೆಂದು ದಾವೆಯಲ್ಲಿ ಗ್ರಾಹಕರು ಸಾಬೀತುಪಡಿಸಬೇಕಾಗಿಲ್ಲ ಎಂದು 2007ರ ಕಾಯ್ದೆಯೇ ಹೇಳುತ್ತದೆ. ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎನಿಸಿಕೊಂಡಿದೆ, ಮತ್ತು ಜಿಎಸ್‌ಟಿ ಎಂದು ಪಡೆದ 6,480 ರೂಪಾಯಿಗೆ ನನಗೆ ತೆರಿಗೆ ಬಿಲ್ಲು ಇನ್ನೂ ಬಂದಿಲ್ಲ.

ಆದ್ದರಿಂದ ಅಕ್ರಮವಾಗಿ ವಸೂಲಾದ 17,500, ಮಾಡಿಸದ ಮರದ ಪೆಟ್ಟಿಗೆಯ 2,500, ತಂಬೂರಿಯ ದುರಸ್ತಿಗೆ 22,000, ಕಳೆದ ಪೆಟ್ಟಿಗೆಗೆ 28,000, ಯಂತ್ರಗಳ ದುರಸ್ತಿಗೆ 9,400 ಮತ್ತು ವಿಮೆಯ ಹೆಸರಿನ 12,000, ಒಟ್ಟು 91,400 ರೂಪಾಯಿಯನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು. ನಿಜವಾದ ಪಾಲಿಸಿಯನ್ನು ತೋರಿಸಿದರೆ ವಿಮೆಯ 12,000 ರೂಪಾಯಿಯ ಬೇಡಿಕೆಯನ್ನು ಬಿಡುತ್ತೇನೆ. 31ನೇ ಪೆಟ್ಟಿಗೆ ಗೋದಾಮಿನಲ್ಲಿ ಸಿಕ್ಕಿ, ಸೀಲು ಒಡೆಯದೆ ತಮ್ಮ ಖರ್ಚಿನಲ್ಲಿ ಬಂದರೆ ಅದರ ಮೊತ್ತವನ್ನೂ ಬಿಡುತ್ತೇನೆ. ತೆರಿಗೆ ಬಿಲ್ಲು, ಸರಕು ರಸೀತಿ, ಸಾಗಣೆದಾರರಾಗಿ ತಮ್ಮ ನೋಂದಣಿ ಪ್ರಮಾಣಪತ್ರ ಮತ್ತು ಹಣ ಹೋದ ಎರಡನೆಯ ಖಾತೆಗೂ ತಮಗೂ ಇರುವ ಸಂಬಂಧದ ವಿವರವನ್ನು ಹಣದ ಜೊತೆಯಲ್ಲೇ ಕಳುಹಿಸಬೇಕು. ಹಣ ಕೊಟ್ಟು ಈ ಕಾಗದಗಳನ್ನು ಕೊಡದಿದ್ದರೆ ದೂರು ಮುಗಿದಂತೆ ನಾನು ಭಾವಿಸುವುದಿಲ್ಲ, ಏಕೆಂದರೆ ಒಂದು ಹೆಸರಿನಲ್ಲಿ ದರ ಹೇಳಿ, ಇನ್ನೊಂದರಲ್ಲಿ ಹಣ ಪಡೆದು, ಮತ್ತೊಂದರಲ್ಲಿ ಸಾಗಿಸುವ ಈ ಏರ್ಪಾಡಿನಿಂದಲೇ ಯಾರೂ ಯಾವುದಕ್ಕೂ ಹೊಣೆಯಾಗದೆ ಉಳಿಯುತ್ತಿದ್ದಾರೆ.

ಗಡುವಿನೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ದೂರವಾಣಿ ಸಂಖ್ಯೆಯಲ್ಲಿ ದೂರು ದಾಖಲಿಸುವುದರೊಂದಿಗೆ, ನಾನು ವಾಸವಿರುವ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಪ್ರಕರಣ ಹೂಡುತ್ತೇನೆ. ಕಳೆದ ಪೆಟ್ಟಿಗೆಯ ಬಗ್ಗೆ, ಸಾಗಣೆಗೆ ವಹಿಸಿದ ಸ್ವತ್ತಿನ ವಿಷಯದಲ್ಲಿ ನಂಬಿಕೆದ್ರೋಹ ಎಸಗುವುದಕ್ಕೆ ಶಿಕ್ಷೆ ವಿಧಿಸುವ ಭಾರತೀಯ ನ್ಯಾಯ ಸಂಹಿತೆಯ 316(3)ನೇ ಕಲಮಿನ ಅಡಿಯಲ್ಲಿ ಪೊಲೀಸರಿಗೆ ದೂರು ಕೊಡುತ್ತೇನೆ.

ಒಡೆದ ತಂಬೂರಿ, ಅದರ ಹೊದಿಕೆ ಮತ್ತು ನೆನೆದ ಪೆಟ್ಟಿಗೆಗಳನ್ನು ಬಂದ ಸ್ಥಿತಿಯಲ್ಲೇ ಇರಿಸಿದ್ದೇನೆ. ತಮ್ಮ ಅಥವಾ ವಿಮಾದಾರರ ಪರಿಶೀಲಕರು ಹಿಂದಿನ ದಿನ ತಿಳಿಸಿ ಜುಲೈ 10ರೊಳಗೆ ಬಂದು ನೋಡಬಹುದು, ಆ ನಂತರ ತಂಬೂರಿಯನ್ನು ದುರಸ್ತಿಗಾಗಿ ಮೀರಜ್‌ಗೆ ಕಳುಹಿಸಲಾಗುವುದು.

ಇಂತಿ,
(ಸಹಿ)