ಬಂದ್ಯೋಡಿನಿಂದ ವಾಪಸ್ ಬಂದವನ ಪತ್ರ

ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಮೂರು ಸಲ ಕೇಳಿದೆ. ಏಳು ನಿಮಿಷದ್ದು, ಅದ್ರಲ್ಲಿ ಅರ್ಧ ಅಬುಧಾಬಿಯ ಗಾಳಿಯ ಶಬ್ದ. ಆದ್ರೂ ಕಡೆಗೆ ಹೇಳಿದ್ದು ಸರಿಯಾಗಿ ಕೇಳಿಸ್ತು, "ದೇವ್ರು ಕರೀತಾನೆ ಕರೀತಾನೆ ಅಂತ ಎಲ್ರೂ ಹೇಳ್ತಾರೆ, ನಂಗೆ ಎಂತದೂ ಕೇಳಿಸುದಿಲ್ಲ, ನಿಂಗೆ ಕೇಳಿಸ್ತದಾ?" ಅಂತ. ಕೈ ಮುಗಿಯುವ ಇಮೋಜಿ ಒಂದು ಹಾಕಿ ತಪ್ಪಿಸ್ಕೊಳ್ಬಹುದಿತ್ತು. ಬೇಡ, ಉದ್ದಕ್ಕೆ ಬರೀತೇನೆ, ಎಲ್ರೂ ಓದುವ ಹಾಗೆ ಇಲ್ಲೇ ಹಾಕ್ತೇನೆ, ನಿನ್ನ ಹೆಸರು ಹಾಕುದಿಲ್ಲ, ಹೆದರ್ಬೇಡ.

ನಮ್ಮಜ್ಜಿ ನನ್ನ ಬಗ್ಗೆ ಹೇಳ್ತಿದ್ದದ್ದು ನೆನಪುಂಟಾ ನಿಂಗೆ? "ಇವ್ನಿಗೆ ಕಿವಿ ಕೇಳ್ತದೆ, ಮಾತು ಕೇಳುದಿಲ್ಲ." ನಮ್ಮ ಭಾಷೆಯಲ್ಲಿ ಈ ಕೇಳುದು ಅನ್ನುದಕ್ಕೆ ಎಷ್ಟು ಕೆಲಸ ನೋಡು, ಕಿವಿಗೆ ಬೀಳುದೂ ಕೇಳುದೇ, ಪ್ರಶ್ನೆ ಹಾಕುದೂ ಕೇಳುದೇ, ಹೇಳಿದ ಹಾಗೆ ಮಾಡುದೂ ಕೇಳುದೇ. ಹೀಬ್ರೂವಿನಲ್ಲೂ ಹಾಗೇ ಅಂತೆ, ಶಮಾ ಅಂತ ಒಂದೇ ಶಬ್ದ, ಕಿವಿಗೆ ಬೀಳುದಕ್ಕೂ ಅದೇ, ವಿಧೇಯನಾಗುದಕ್ಕೂ ಅದೇ. ಧರ್ಮೋಪದೇಶಕಾಂಡ 6ರಲ್ಲಿ "ಇಸ್ರಾಯೇಲೇ ಕೇಳು" ಅಂತ ಬರ್ತದಲ್ಲ, ಅದು. ಈ ವಿಧೇಯತೆ ಅನ್ನುವ ಶಬ್ದ ಬಂದ ಕೂಡ್ಲೇ ನಂಗೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತದ್ದು ನೆನಪಾಗ್ತದೆ, ಕೇಳುದು ಅಂದ್ರೆ ಹಾಗಾಗುದಿಲ್ಲ. ಪ್ರಶ್ನೆ ಕೇಳ್ಲಿಕ್ಕೂ ಅದ್ರಲ್ಲಿ ಜಾಗ ಉಂಟು.

ಕೇಳಿದ್ದಾರೆ ಕೂಡ. ಜನರನ್ನು ಐಗುಪ್ತದಿಂದ ಬಿಡಿಸಿ ತಾ ಅಂತ ದೇವ್ರು ಹೇಳಿದ್ರೆ ಮೋಶೆ ಉರಿಯುವ ಪೊದೆಯ ಎದುರು ನಿಂತು ಎಷ್ಟು ನೆಪ ಹೇಳಿದ, ನಾನೆಷ್ಟರವನು, ನಿನ್ನ ಹೆಸರೆಂತ, ಅವ್ರು ನಂಬದಿದ್ರೆ, ನಂಗೆ ಮಾತು ಬರುದಿಲ್ಲ, ಕಡೆಗೆ ಬೇರೆ ಯಾರನ್ನಾದ್ರೂ ಕಳಿಸು ಅಂತ. ನಿನೆವೆಗೆ ಹೋಗು ಅಂದ್ರೆ ಯೋನ ಅಷ್ಟೂ ಮಾತಾಡ್ಲಿಲ್ಲ, ಸೀದಾ ಯೊಪ್ಪಕ್ಕೆ ಹೋಗಿ ತಾರ್ಷೀಷಿಗೆ ಟಿಕೆಟ್ ತೆಗೆದ. ದುಡ್ಡು ಕೊಟ್ಟು ಹತ್ತಿದ ಅಂತ ಬರೆದಿದ್ದಾರೆ, ಅದು ನಂಗೆ ಭಾರೀ ಇಷ್ಟ, ದೇವರಿಂದ ಓಡಿಹೋಗ್ಲಿಕ್ಕೂ ಕೈಯಿಂದ ಖರ್ಚು.

ಅಬ್ರಹಾಮನ ಕತೆ ನಿಂಗೆ ಗೊತ್ತುಂಟು, ಸಂಡೇಸ್ಕೂಲಲ್ಲಿ ಪಟ ಅಂಟಿಸಿದ್ದೇವೆ. ಊರು ಬಿಟ್ಟು ಹೊರಟ ಅಂತೇವಲ್ಲ, ತಮಾಷೆ ಎಂತ ಅಂದ್ರೆ ಆ ಊರಿನ ಹೆಸರೇ ಊರ್. ಆದ್ರೆ ಈಗ ಓದುವಾಗ ನಂಗೆ ಅವನಪ್ಪ ತೆರಹನ ಬಗ್ಗೆಯೇ ಜಾಸ್ತಿ ಯೋಚನೆ ಬರ್ತದೆ. ಆದಿಕಾಂಡ 11ರ ಕೊನೆಗೆ ಉಂಟು, ಕಾನಾನಿಗೆ ಅಂತಲೇ ಮಗ, ಸೊಸೆ, ಮೊಮ್ಮಗನನ್ನು ಕಟ್ಕೊಂಡು ಹೊರಟವನು ಅವ್ನೇ, ಖಾರಾನ್ ತನಕ ಬಂದ, ಅಲ್ಲೇ ಉಳಿದ, ಅಲ್ಲೇ ಸತ್ತ. ಯಾಕೆ ಉಳಿದ ಅಂತ ಬೈಬಲ್ ಒಂದಕ್ಷರ ಹೇಳುದಿಲ್ಲ. ಮಗ ಅಲ್ಲಿಂದ ಹೊರಡುವಾಗ 75 ವರ್ಷ, ಎಲ್ಲಿಗೆ ಅಂತ ಗೊತ್ತಿಲ್ಲದೆ ಹೊರಟ ಅಂತ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಹೇಳ್ತದೆ. ಹೊರಟದ್ದೇನೋ ಹೊರಟ, ಬರಗಾಲ ಬಂದ ಕೂಡ್ಲೇ ಐಗುಪ್ತಕ್ಕೆ ಹೋಗಿ ಹೆಂಡತಿಯನ್ನು ತಂಗಿ ಅಂತ ಹೇಳಿಸಿದ, ಜೀವಭಯ. ಇಸಾಕ ಹುಟ್ಟುವಾಗ ಅವನಿಗೆ 100, ಅಂದ್ರೆ 25 ವರ್ಷ ಕಾದದ್ದು, ನಡುವೆ ದಾಸಿ ಹಾಗರಳಿಂದ ಮಗನನ್ನು ಪಡೆದ ಗಲಾಟೆ ಬೇರೆ. ವಿಶ್ವಾಸಿಗಳ ತಂದೆ ಅಂತ ಕರೆಯುದು ಇವನನ್ನೇ. ಆ ಮಗನನ್ನೇ ಬಲಿ ಕೊಡು ಅಂತ ದೇವ್ರು ಹೇಳುವ ಮೊರೀಯದ ಬೆಟ್ಟದ ಅಧ್ಯಾಯದ ಬಗ್ಗೆ ಮಾತ್ರ ನನ್ನನ್ನು ಕೇಳ್ಬೇಡ, ಮಗ ಹುಟ್ಟಿದ ಮೇಲೆ ಅದನ್ನು ಸಲೀಸಾಗಿ ಓದ್ಲಿಕ್ಕೆ ಆಗುದಿಲ್ಲ ನಂಗೆ, ಅದ್ರ ಮೇಲೆ ಸಲೀಸಾಗಿ ಪ್ರಸಂಗ ಮಾಡುವವರನ್ನು ಕಂಡ್ರೂ ಆಗುದಿಲ್ಲ. ಮತ್ತೆ ವಿಧೇಯತೆ ಅಂದ್ರೆ ದೊಡ್ಡವರು ಹೇಳಿದ್ದಕ್ಕೆಲ್ಲ ತಲೆ ಆಡಿಸುದು ಅನ್ನುವವರು ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯ ಓದ್ಲಿ, ಮನುಷ್ಯರಿಗಿಂತ ದೇವರ ಮಾತು ಕೇಳ್ಬೇಕು ಅಂತ ಪೇತ್ರ ಹೇಳಿದ್ದು ಅಲ್ಲಿಯ ದೊಡ್ಡವರ ಮುಖಕ್ಕೇ.

ಈಗ ನಿನ್ನ ಪ್ರಶ್ನೆಗೆ ಬರ್ತೇನೆ.

ಅಣ್ಣನ ಹತ್ರ ನಾನು ನಾಲ್ಕು ವರ್ಷ ಮಾತಾಡದ್ದು ನಿಂಗೆ ಗೊತ್ತುಂಟಲ್ಲ, ಆ ಎರಡು ಸಾಲು ಅಡಿಕೆಮರ ಯಾರದ್ದು ಅಂತ. ಜೂನಲ್ಲಿ ಒಂದು ಆದಿತ್ಯವಾರ ಚರ್ಚಲ್ಲಿ ಪಾಠ ಓದುದು ನನ್ನ ಪಾಳಿ, ಕೃತ್ಯಗಳ 9. ದಮಸ್ಕದಲ್ಲಿದ್ದ ಯೇಸುವಿನ ಶಿಷ್ಯ ಅನನೀಯನಿಗೆ ದರ್ಶನ ಆಗ್ತದೆ, ಎದ್ದು ನೆಟ್ಟನೆ ಬೀದಿ ಅನ್ನುವ ಬೀದಿಗೆ ಹೋಗು, ಯೂದನ ಮನೆಯಲ್ಲಿ ತಾರ್ಸದ ಸೌಲ ಅಂತ ಒಬ್ಬ ಇದ್ದಾನೆ ನೋಡು ಅಂತ. ಪೂರಾ ಅಡ್ರೆಸ್ ಮಾರಾಯ! ಅಬ್ರಹಾಮನಿಗೆ ದೇಶದ ಹೆಸರೂ ಹೇಳದ ದೇವ್ರು ಇವನಿಗೆ ಬೀದಿ, ಮನೆ, ಆಳು ಎಲ್ಲ ಹೇಳ್ತಾನೆ. ಅನನೀಯ ಎಂತ ಹೇಳ್ಬೇಕು, ಸ್ವಾಮಿ, ಆ ಮನುಷ್ಯ ನಮ್ಮವರಿಗೆ ಮಾಡಿದ ಕೇಡು ನಾನು ಕೇಳಿದ್ದೇನೆ ಅಂತಾನೆ, ಸೌಲ ಅಂದ್ರೆ ಯೇಸುವಿನ ಶಿಷ್ಯರನ್ನು ಹಿಡಿದು ಸೆರೆಗೆ ಹಾಕಿಸ್ತಿದ್ದವ. ದೇವರಿಗೆ ಸುದ್ದಿ ಮುಟ್ಲಿಲ್ಲವೋ ಅನ್ನುವ ಹಾಗೆ. ಕಡೆಗೆ ಹೋದ, ಒಳಗೆ ಹೋಗಿ ಕಣ್ಣು ಕಾಣದೆ ಕೂತಿದ್ದ ಆ ಮನುಷ್ಯನ ಮೇಲೆ ಕೈಯಿಟ್ಟು ಮೊದ್ಲು ಹೇಳಿದ್ದು "ಸಹೋದರನಾದ ಸೌಲನೇ" ಅಂತ. ಅಲ್ಲಿಗೆ ನನ್ನ ಸ್ವರ ನಿಂತಿತು. ಕೆಮ್ಮಿದ ಹಾಗೆ ಮಾಡಿ ಮುಂದೆ ಓದಿದೆ, ಹೆಂಡತಿಗೆ ಮಾತ್ರ ಗೊತ್ತಾಯ್ತು.

ಹಾಗೆ ಕೇಳಿಸ್ತದಾ ಅಂದ್ರೆ, ಗುಡುಗಿನ ಹಾಗೆ ಅಲ್ಲ, ಅಡ್ರೆಸ್ ಮಾತ್ರ. ಬಂದ್ಯೋಡಲ್ಲಿ ಎಡಕ್ಕೆ ತಿರುಗಿ ಧರ್ಮತ್ತಡ್ಕ ರೋಡು, ಅಣ್ಣನ ಮನೆ.

ಮರುದಿನವೇ ಸ್ಕೂಟರಲ್ಲಿ ಹೊರಟೆ. ಉಪ್ಪಳ ದಾಟಿ ಬಂದ್ಯೋಡು ತನಕ ಬಂದೆ, ಹೊಸ ಹೈವೇಯ ಸರ್ವಿಸ್ ರೋಡಿನ ಬದಿಯ ಹೋಟೆಲಲ್ಲಿ ಒಂದು ಚಾಯ, ಒಂದು ಪಳಂಪೊರಿ, ಮತ್ತೆ ಇನ್ನೊಂದು ಚಾಯ. ಮಳೆ ಬರುವ ಹಾಗೆ ಉಂಟು ಅಂತ ನನಗೆ ನಾನೇ ಹೇಳ್ಕೊಂಡು ತಿರುಗಿಸಿದೆ. ಮಳೆ ಬರ್ಲಿಲ್ಲ. ಖಾರಾನಲ್ಲಿ ತೆರಹ ಯಾಕೆ ಉಳಿದ ಅಂತ ಆವತ್ತು ನಂಗೆ ಒಂಚೂರು ಅಂದಾಜಾಯ್ತು, ಹೋಟೆಲ್ ಒಳ್ಳೆದಿತ್ತೋ ಏನೋ.

ಬಾಲಕ ಸಮುವೇಲನೂ ರಾತ್ರಿ ತನ್ನ ಗುರು, ಯಾಜಕ ಏಲಿಯ ಮನೆಗೆ ಬರುವ ಶಿಕ್ಷೆಯ ಬಗ್ಗೆ ದೇವರಿಂದ ಅಷ್ಟು ದೊಡ್ಡ ಮಾತು ಕೇಳಿಸ್ಕೊಂಡು, ಬೆಳಿಗ್ಗೆ ಎದ್ದು ಅವನಿಗೆ ಹೇಳ್ಲಿಕ್ಕೆ ಹೆದರಿ, ಮೊದ್ಲು ದೇವಾಲಯದ ಬಾಗಿಲು ತೆಗೆದ ಅಂತ ಉಂಟು, ದಿನಾ ಮಾಡುವ ಕೆಲಸ. ನಾನೂ ಹಾಗೇ ಐದು ವಾರ ಬಾಗಿಲು ತೆಗೀತಾ ಇದ್ದೆ.

ಆಟಿ ತಿಂಗಳ ಮಳೆಯ ನಡುವೆ ಒಂದು ದಿನ ಒಳ್ಳೆ ಬಿಸಿಲು ಬಿತ್ತು, ಹೋದೆ. ಈ ಸಲ ಬಂದ್ಯೋಡಲ್ಲಿ ನಿಲ್ಲಿಸ್ಲೇ ಇಲ್ಲ. ಅಣ್ಣ ಅಂಗಳದಲ್ಲಿ ಡ್ರಮ್ಮು ಇಟ್ಕೊಂಡು ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡ್ತಾ ಇದ್ದ, ಅಡಿಕೆಗೆ ಎರಡನೇ ಸಲದ ಮದ್ದು. ಮೊಣಕೈ ತನಕ ನೀಲಿ, ಗಡ್ಡ ಪೂರಾ ಬೆಳ್ಳಗಾಗಿದೆ, ಅದು ನಂಗೆ ಗೊತ್ತೇ ಇರ್ಲಿಲ್ಲ. "ಅಣ್ಣಾ" ಅಂದೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದು ಬೇರೆ ಇತ್ತು, ಬಂದದ್ದು ಅಷ್ಟೇ. ಅವ ತಲೆ ಎತ್ತಿ ನೋಡಿದ, ಮತ್ತೆ ಬಗ್ಗಿ ಪಿಸ್ಕತ್ತಿಯನ್ನು ಡ್ರಮ್ಮಿಗೆ ಅದ್ದಿ, ತೆಗೆದು, ಬಿಸಿಲಿಗೆ ಹಿಡಿದ. ಅಲಗಿನ ಮೇಲೆ ಕೆಂಪು ಕೂತಿತ್ತು, ಅಂದ್ರೆ ಮೈಲುತುತ್ತು ಜಾಸ್ತಿ.

"ಸುಣ್ಣ ಸಾಕಾಗ್ಲಿಲ್ಲ. ಆ ಬಾಲ್ದಿ ಇತ್ಲಾಗೆ ಕೊಡು."

ಕೊಟ್ಟೆ. ಮಧ್ಯಾಹ್ನ ತನಕ ಪೈಪ್ ಹಿಡಿದೆ, ಎರಡು ಸಾಲಿನ ಮಾತು ಅವನೂ ಎತ್ಲಿಲ್ಲ, ನಾನೂ ಎತ್ಲಿಲ್ಲ, ಗಡಿಕಲ್ಲು ಎಲ್ಲಿತ್ತೋ ಅಲ್ಲೇ ಉಂಟು. ಅಂಗಿಯ ನೀಲಿ ಕಲೆ ಎರಡು ಸಲ ಒಗೆದ್ರೂ ಹೋಗ್ಲಿಲ್ಲ, ಹೆಂಡತಿ ಇನ್ನೂ ಬೈತಾ ಇದ್ದಾಳೆ. ಅತ್ತಿಗೆ ಹಲಸಿನ ಹಪ್ಪಳ ಒಂದು ಕಟ್ಟು ಕೊಟ್ಟಿದ್ದಾರೆ, ಅರ್ಧ ನಿಂಗೆ ಅಂತ ತೆಗೆದಿಟ್ಟಿದ್ದೇನೆ, ಡಿಸೆಂಬರ್ ತನಕ ಉಳಿದ್ರೆ.

ನಿನ್ನ,
ಹಳೇ ಬೆಂಚಿನವ