ನಿಮ್ಮಜ್ಜ ಯುದ್ಧದಲ್ಲಿ ಏನು ಮಾಡಿದ

ಪ್ರೀತಿಯ ಮಗಳಿಗೆ, ಅವ್ವನ ಆಶೀರ್ವಾದಗಳು.

ಆಫೀಸಿನಲ್ಲಿ ಯಾರೋ ಕೇಳಿದರೆ "ಅಜ್ಜ ಮಿಲ್ಟ್ರಿಯಲ್ಲಿದ್ರು" ಅನ್ನುವುದರಿಂದ ಮುಂದೆ ಹೇಳಲು ನಿನಗೇನೂ ಗೊತ್ತಿರಲಿಲ್ಲ ಅಂದೆಯಲ್ಲ. ಗೊತ್ತಾಗೋದು ಹ್ಯಾಗ? ನನ್ನಪ್ಪ ಬಾಯಿ ಬಿಟ್ಟವನೇ ಅಲ್ಲ. ಆಗಸ್ಟ್ 15ಕ್ಕೆ ಊರ ಶಾಲೆಯವರು ಕರೆದು ಶಾಲು ಹೊದಿಸಿ ಮಾತಾಡಿ ಅಂದರೆ, "ಛಲೋತ್ನಂಗ ಓದ್ರಿ, ಜೈ ಹಿಂದ್" ಅಂದು ಕೂತುಬಿಡುತ್ತಿದ್ದ.

ಅವನು ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸ್ಯಾಪರ್, ಅಂದರೆ ಎಂಜಿನಿಯರಿಂಗ್ ಪಡೆಯ ಸೈನಿಕ. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಅವರ ಕೇಂದ್ರ ಇದೆ, ನೀನು ದಿನಾ ಆ ಕಡೆಯೇ ಓಡಾಡುತ್ತೀ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ವೈರಿ ನೆಲದಲ್ಲಿ ಹುಗಿದಿಟ್ಟ ಮೈನು, ಅಂದರೆ ನೆಲಬಾಂಬು, ತೆಗೆಯುವುದು ಅವರ ಕೆಲಸ. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆ ಯುದ್ಧ ಆದಾಗ, ಶಕರಗಢದ ಕಡೆ ನಮ್ಮ ಟ್ಯಾಂಕುಗಳು ಬಸಂತರ್ ನದಿ ದಾಟಬೇಕಿತ್ತು. ನೆಲದ ತುಂಬ ಮೈನು. ರಾತ್ರಿಯಲ್ಲಿ, ಶೆಲ್ ಬೀಳುತ್ತಿರುವಾಗಲೇ ಅಲ್ಲಿಗೆ ಇಳಿದು ದಾರಿ ಮಾಡಿಕೊಟ್ಟವರು ಸ್ಯಾಪರುಗಳು. ಅವರಲ್ಲಿ ನಿಮ್ಮಜ್ಜನೂ ಒಬ್ಬ.

ಇದನ್ನು ನಾನು ಕೇಳಿದ್ದು ಅಪ್ಪ ತೀರಿಕೊಂಡ ಮೇಲೆ ಅವನ ದಿವಸಕ್ಕೆ ಬಂದ ಅವನ ಹಳೇ ಜೊತೆಗಾರರಿಂದ. ಕೇಳುತ್ತಿದ್ದ ಹಾಗೆ ನಮ್ಮ ಹೊಲದ ದಾರಿ ಕಣ್ಮುಂದೆ ಬಂತು. ಸಣ್ಣವರಿದ್ದಾಗ ಬುತ್ತಿ ಹೊತ್ತು ಹೊರಟರೆ ಅಪ್ಪ ಯಾವಾಗಲೂ ಮುಂದೆ. ಕೈಯಲ್ಲಿ ಒಂದು ಕೋಲು, ಅದರಿಂದ ನೆಲ ಚುಚ್ಚುತ್ತಾ ಹೋಗುತ್ತಿದ್ದ. "ನನ್ನ ಹೆಜ್ಜಿ ಮ್ಯಾಲೆ ಹೆಜ್ಜಿ ಇಟ್ಟು ಬರ್ರಿ, ಆಚೀಚೆ ಕಾಲಿಡಬ್ಯಾಡ್ರಿ." ಕಡಲೆ ಸಸಿ ತುಳಿದಾರು ಅಂತ ಹೇಳುತ್ತಾನೆ ಅಂದುಕೊಂಡಿದ್ದೆವು. ಬ್ಯಾಸಿಗೆಯಲ್ಲಿ, ಬರಿ ಹೊಲದಲ್ಲೂ ಹಂಗೇ ಹೇಳುತ್ತಿದ್ದ ಅನ್ನುವುದು ಆಗ ತಲೆಗೆ ಹೊಳೆದಿರಲಿಲ್ಲ.

ಪಿಂಚಣಿ ಮೇಲೆ ಬಂದವನು ಒಂದು ದಿನವೂ ಮನೆಯಲ್ಲಿ ಸುಮ್ಮನೆ ಕೂತವನಲ್ಲ. ಗದಗಿನ ಬ್ಯಾಂಕಿನಲ್ಲಿ ಕಾವಲು ಕೆಲಸ ಹಿಡಿದ. ಹೊತ್ತು ಮೂಡುವ ಮೊದಲೇ ಹೊಲಕ್ಕೆ ಹೋಗಿ ಬಂದು, ಸ್ನಾನ ಮಾಡಿ, ಡ್ರೆಸ್ಸಿಗೆ ಇಸ್ತ್ರಿ ತಾನೇ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಎರಿ ಹೊಲದ ಒಡ್ಡುಗಳನ್ನು ಅವನೇ ಹಾಕಿದ್ದು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊರೆಯುತ್ತದೆ ಅಂತ ಅವನ ಕಣ್ಣಿಗೆ ತಿಳಿಯುತ್ತಿತ್ತು. ಸಿಟ್ಟೂ ಇತ್ತು ಅನ್ನು. ಗುದ್ದಲಿ ತೊಳೆಯದೆ ಇಟ್ಟರೆ ಮನೆಯಲ್ಲಿ ಕೋರ್ಟ್ ಮಾರ್ಷಲ್! ನಿಮ್ಮಜ್ಜಿ, ಅಂದರೆ ನನ್ನವ್ವ, "ಪಲ್ಟಣ ಬಿಟ್ರೂ ಹವಾಲ್ದಾರಕಿ ಬಿಡಲಿಲ್ಲ" ಅನ್ನುತ್ತಿದ್ದಳು. ಆದರೆ ಅವಳಿಗೆ ಮಂಡಿನೋವು ಶುರುವಾದ ಮೇಲೆ ಎಲ್ಲರಿಗಿಂತ ಮೊದಲೆದ್ದು ನೀರು ಕಾಸಿ ಚಹಾ ಕೊಡುತ್ತಿದ್ದವನೂ ಅವನೇ.

ನಮ್ಮ ಕಡೆಯ ಮಾಗಡಿ ಕೆರೆಯ ಹೆಬ್ಬಾತುಗಳ ವಿಷಯ ನಿನಗೆ ನೆನಪಿರಬೇಕು. ತಲೆ ಮೇಲೆ ಕಪ್ಪು ಪಟ್ಟೆ ಇರುವವು, ನವೆಂಬರಿಗೆ ಬಂದು ಮಾರ್ಚಿನೊಳಗೆ ಹೊರಡುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಕತ್ತಲಾದರೆ ನಮ್ಮಂಥವರ ಹೊಲದಲ್ಲಿ ಊಟ. ಊರವರು ಡಬ್ಬಿ ಬಾರಿಸಿ ಓಡಿಸಿದರೆ ಅಪ್ಪ ನಗುತ್ತಿದ್ದ. ಲಡಾಖಿನಲ್ಲಿ ಪೋಸ್ಟಿಂಗ್ ಇದ್ದಾಗ ಅಲ್ಲಿಯ ಸರೋವರದಲ್ಲಿ ಇವೇ ಹಕ್ಕಿ ಮರಿ ಮಾಡುವುದನ್ನು ನೋಡಿದ್ದನಂತೆ. ಹಿಮಾಲಯ ದಾಟಿ ಶಿರಹಟ್ಟಿ ತಾಲೂಕಿಗೆ ಬರುತ್ತವೆ ಅಂದರೆ ಅವನಿಗೆ ಸಂಬಂಧಿಕರು ಬಂದಷ್ಟು ಖುಷಿ. "ರಜಾ ಮ್ಯಾಲೆ ಬಂದಾವ, ತಿನ್ಲಿ ಬಿಡು" ಅನ್ನುತ್ತಿದ್ದ. ಮಿಲ್ಟ್ರಿಯವರಿಗೆ ಆಗ ವರ್ಷಕ್ಕೆ ಎರಡು ತಿಂಗಳ ರಜೆ. ಅದರಲ್ಲೇ ಬಿತ್ತನೆ, ಮದುವೆ, ನಮ್ಮ ಶಾಲೆ ಫೀ ಎಲ್ಲಾ ಮುಗಿಸಿ ಹೋಗುತ್ತಿದ್ದ. ಒಮ್ಮೆ ಅವನು ಬಂದಾಗ ನಾನು ಗುರುತು ಸಿಗದೆ ಬಾಗಿಲ ಹಿಂದೆ ಅಡಗಿದ್ದೆನಂತೆ.

2024ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಜಾಗ, ಸಿಕ್ಕಾಗ ಪೇಪರ್ ಓದಿ ಅಪ್ಪನಿಗೆ ಹೇಳಿದೆ. "ಬೋರ್ಡ್ ಹಾಕಿದ್ರ ಆತೇನು? ಹೂಳು ಯಾರು ತಗೀತಾರ?" ಅಂದ.

ಈ ಸಲದ ಮಳೆಗೆ ಮೇಲಿನ ಒಡ್ಡು ಒಡೆದಿದೆ. ಮಾಮಾ ಜೆಸಿಬಿ ತರಿಸೋಣ ಅನ್ನುತ್ತಾನೆ, ನನಗೆ ಮನಸ್ಸಿಲ್ಲ. ಡಿಸೆಂಬರಿನಲ್ಲಿ ಬರುವಾಗ ಬೂಟು ತಗೊಂಡು ಬಾ, ಎರಿ ಮಣ್ಣಿಗೆ ನಿನ್ನ ಚಪ್ಪಲಿ ತಡೆಯುವುದಿಲ್ಲ.

ನಿನ್ನ ಅವ್ವ